ಮಗಳು ಕಾಗೆ, ಕಡಜ ಓದ್ತೀನಿ ಅಂದ್ರೆ?

ಎಸ್ಸೆಸ್ಸೆಲ್ಸಿಯಲ್ಲಿ ಮಗಳಿಗೆ ಒಳ್ಳೇ ಮಾರ್ಕ್ಸ್. "ಡಾಕ್ಟರ್ ಆಗ್ತೀಯೇನೇ?" ಅಂತ ನಿಮ್ಮತ್ತೆ ಕೇಳಿದರೆ, "ಇಲ್ಲ ಅಜ್ಜಿ, ಪ್ರಾಣಿಗಳ ನಡವಳಿಕೆ, ಮೆದುಳು, ಇದನ್ನೆಲ್ಲ ಓದ್ಬೇಕು" ಅಂತಾಳೆ. "ಕಾಗೆ, ನಾಯಿ ನೋಡ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ?" ಎಂದು ಗದರಿಬಿಡುತ್ತೀರಿ. ಸ್ವಲ್ಪ ತಾಳಿ.

ಇದು ಹುಡುಗಾಟವಲ್ಲ. ಇಲಿ ತಾನಿರುವ ಜಾಗವನ್ನು ಮೆದುಳಿನಲ್ಲಿ ಹೇಗೆ ಗುರುತಿಟ್ಟುಕೊಳ್ಳುತ್ತದೆ ಎಂದು ಶೋಧಿಸಿ 2014ರ ನೊಬೆಲ್ ಹಂಚಿಕೊಂಡವರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಒಬ್ಬರು. ಆಕೆ ಇಬ್ಬರು ಹೆಣ್ಣುಮಕ್ಕಳ ತಾಯಿ. ದೂರ ಯಾಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಕಡಜಗಳನ್ನೇ ಗಮನಿಸಿದರು. ಒಂದೊಂದಕ್ಕೂ ಬಣ್ಣದ ಚುಕ್ಕೆ ಇಟ್ಟು ನೋಡಿದರೆ ಗೂಡಿನಲ್ಲಿ ಮೂರು ಗುಂಪು: ಸುಮ್ಮನೆ ಕೂರುವವು, ಜಗಳ ಕಾಯುವವು, ಹೊರಗೆ ದುಡಿದು ತರುವವು. ನಮ್ಮ ಕೂಡುಕುಟುಂಬದ ಹಾಗೇ ಅಲ್ವಾ?

ಈಗ ಕೆಲಸಕ್ಕೆ ಬರುವ ಮಾತು. ಪಿಯುಸಿಯಲ್ಲಿ ಗಣಿತ ಬಿಡಿಸಬೇಡಿ. "ಬಯಾಲಜಿ ಸಾಕು" ಎಂದು ಗಣಿತ ಬಿಟ್ಟರೆ, ವಿಜ್ಞಾನ ಸಂಸ್ಥೆಯಲ್ಲಿ 2011ರಲ್ಲಿ ಶುರುವಾದ 4 ವರ್ಷದ ಪದವಿಯ ಬಾಗಿಲೇ ಮುಚ್ಚಿಹೋಗುತ್ತದೆ. ಅಲ್ಲಿ ಸೀಟು ಸಿಗದಿದ್ದರೂ ಚಿಂತೆಯಿಲ್ಲ. ಪದವಿಯ ಹೆಸರಿನಲ್ಲೇ 'ನ್ಯೂರೋಸೈನ್ಸ್' ಇರಬೇಕೆಂದೇನಿಲ್ಲ. ಪ್ರಾಣಿಶಾಸ್ತ್ರ, ಮನಃಶಾಸ್ತ್ರ, ಜೀವರಸಾಯನಶಾಸ್ತ್ರ ಓದಿದವರೂ ಮುಂದೆ ಈ ದಾರಿ ಹಿಡಿಯುತ್ತಾರೆ.

ಆದರೆ ಒಂದು ಸತ್ಯ ಮುಚ್ಚಿಡಬಾರದು. ಬರೀ ಪದವಿ ನಂಬಿಕೊಂಡರೆ ಇಲ್ಲಿ ಸಂಶೋಧಕಿಯಾಗುವುದು ಕಷ್ಟ. ಪಿಎಚ್.ಡಿ. ಮುಗಿಯುವಷ್ಟರಲ್ಲಿ ವಯಸ್ಸು ಇಪ್ಪತ್ತೆಂಟು ದಾಟಿರಬಹುದು. ಜೆಆರ್‌ಎಫ್ ಸಿಕ್ಕರೆ ಖರ್ಚಿಗೆ ಅಪ್ಪನ ಮುಂದೆ ಕೈಚಾಚಬೇಕಿಲ್ಲ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ. ಆದರೂ ನೆಂಟರು ಬಿಡುತ್ತಾರಾ? "ಮದುವೆ ಯಾವಾಗ?" ಅಂತ ಕೇಳೇ ಕೇಳ್ತಾರೆ. ಆಗ ಮಗಳ ಪರವಾಗಿ ನಿಲ್ಲುವ ಗಟ್ಟಿತನ ನಿಮಗಿದೆಯಾ? ನಿಜವಾದ ಪರೀಕ್ಷೆ ಅವಳದ್ದಲ್ಲ, ನಿಮ್ಮದು.

ಹಾಗಂತ ಕೇಳಿದ ತಕ್ಷಣ ಹೂಂ ಅನ್ನಬೇಕಾಗಿಲ್ಲ. ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಸಮಯ ವಿಚಾರಿಸಿಕೊಂಡು ಒಮ್ಮೆ ಕರೆದುಕೊಂಡು ಹೋಗಿ. ಆಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಇಡಿ. ಟೆರೇಸಿಗೆ ಬರುವ ಕಾಗೆಗಳನ್ನು ದಿನಕ್ಕೆ ಅರ್ಧ ಗಂಟೆ ನೋಡಿ, ಕಂಡದ್ದನ್ನೆಲ್ಲ ಗಡಿಯಾರದ ಸಮಯ ಹಾಕಿ ಬರೆಯಲಿ. ಮೂರೇ ದಿನಕ್ಕೆ ಬೇಸರ ಬಂದರೆ ಅದು ಬರೀ ಪ್ರಾಣಿಪ್ರೀತಿ. ತಿಂಗಳಾದರೂ ನೋಟ್‌ಬುಕ್ ಕೆಳಗಿಡದಿದ್ದರೆ, ನಂಬಿ, ಅವಳ ದಾರಿ ಅವಳಿಗೆ ಗೊತ್ತಿದೆ. ನೀವು ಅಡ್ಡ ನಿಲ್ಲದಿದ್ದರೆ ಸಾಕು. ಏನಂತೀರಿ?