ನೀರಿನ ದಂಡೆಗೆ ಬರೋರು ಎಲ್ಲಿ ಉಳಿಯಬೇಕು?

ಬೇಸಿಗೆ ರಜೆಗೆ ಮಾರಿಕಣಿವೆ ಹತ್ತಿರ ಎರಡು ದಿನ ಸದ್ದಿಲ್ಲದ ಕಡೆ ಇರಬೇಕು, ಎಲ್ಲಿ ರೂಮು ಹಿಡಿಯಲಿ ಅಂತ ಹೋದ ವರ್ಷ ಬೆಂಗಳೂರಿಂದ ಅಳಿಯಂದಿರು ಫೋನು ಮಾಡಿದ್ದರು. ನಮ್ಮ ಮನೆ ಕಣಿವೆಗೆ ಎರಡು ಹರದಾರಿ. ಅವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ.

ಹಿರಿಯೂರಲ್ಲಿ ಲಾಡ್ಜು ಸಿಗ್ತವೆ. ಆದರೆ ಹೆದ್ದಾರಿ ಲಾರಿಗಳ ಸದ್ದು ರಾತ್ರಿಯೂ ತಪ್ಪಿದ್ದಲ್ಲ. ನೀರಿನ ಅಂಚಿಗೇ ಉಳೀತೀವಿ ಅನ್ನೋರಿಗೆ ಒಂದು ಮಾತು. ಈ ಅಣೆಕಟ್ಟು ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ! ಅಂದ ಮೇಲೆ ಅಂಚು ಒಂದೇ ಕಡೆ ಎಲ್ಲಿ ನಿಲ್ತದೆ? ನೀರು ಹಿಂದಕ್ಕೆ ಸರಿದ ಜಾಗದಲ್ಲಿ ಮೊಣಕಾಲು ಹೂಳೋ ಕೆಸರು. ಮಕ್ಕಳನ್ನ ಬಿಡಬಾರದು.

ನನ್ನ ಕೇಳಿದರೆ ನೀರಿಂದ ಒಂದಿಷ್ಟು ದೂರದ ರೈತರ ಮನೆ ಮೇಲು. ಬಿಸಿಲೇರೋ ಮುಂಚೆ ಕಣಿವೆ ಮಾರಮ್ಮನ ಗುಡಿಗೆ ಹೋಗಿ, ಕಟ್ಟೆ ನೋಡ್ಕೊಂಡು ಬಂದು ಹುಣಿಸೆ ಮರದ ಕೆಳಗೆ ಮಲಗಬಹುದು. ಮುದ್ದೆ, ಮಜ್ಜಿಗೆ ಹೆಂಗೂ ಇರ್ತದೆ. ಬಾಡಿಗೆ ಕೊಡಲಿ, ತಗೊಳ್ಳೋಕೆ ನಾವೂ ನಾಚಬಾರದು. ಮಳೆ ನೆಚ್ಚಿದ ನಮಗೆ ಬೇಸಿಗೇಲಿ ಬೇರೆ ಹುಟ್ಟುವಳಿ ಏನೈತೆ?

ಮಗಳು ಆಮೇಲೆ ಮೆಲ್ಲಗೆ ಹೇಳಿದಳು: "ಅಪ್ಪ, ಮನೇಲಿ ಪಾಯಿಖಾನೆ ಸರಿಯಿಲ್ಲ, ಅದಕ್ಕೇ." ನಿಜವೇ. ಬಾಗಿಲು ಮುರಿದು ಎರಡು ವರ್ಷ, ಗೋಣಿಚೀಲ ಕಟ್ಟಿದ್ದೆ. ನೆಂಟರನ್ನ ದೂರೋ ಮೊದಲು ಅದನ್ನ ನೋಡಬೇಕಿತ್ತು. ಶೇಂಗಾ ದುಡ್ಡಲ್ಲಿ ಈಗ ಬಾಗಿಲು ಹಾಕಿಸಿದೀನಿ. ಈ ಸಲ ನಾನೇ ಫೋನು ಮಾಡ್ತೀನಿ.