ಎಳನೀರು ಸಾಕು ಎನ್ನುವವರಿಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಯಜಮಾನರಿಗೆ ಒಂದು ಹೆಮ್ಮೆ ಉಂಟು: ನಮ್ಮ ಕಡೆ ಬಂದೋರು ಯಾರೂ ಬಾಯಾರಿ ಹೋಗೋದಿಲ್ಲ ಅಂತ. ಕ್ರೈಸ್ತ ಸಭೆಗಳ ಹಿರಿಯರೂ ಇಂಥದೇ ಒಂದು ಮಾತು ಆಡುತ್ತಾರೆ. ಅತಿಥಿ ಸತ್ಕಾರವೇ ನಂಬಿಕೆಯ ಗುರುತು, ಬಾಗಿಲು ತೆರೆಯಿರಿ, ಬಂದವರಿಗೆ ಉಣ್ಣಲು ಇಡಿ, ಯೇಸು ಮೆಚ್ಚುತ್ತಾನೆ ಎಂದು. ಈ ಎರಡು ಮಾತೂ ಹಟ್ಟಿಯ ಕಡೆ ನಿಂತವರ ಕಿವಿಗೆ ಹೇಗೆ ಬೀಳುತ್ತವೆ ಎಂಬುದನ್ನು ನಾವು ಹೇಳಬೇಕಾಗಿದೆ. ನಮ್ಮಲ್ಲಿ ದೀಕ್ಷಾಸ್ನಾನ ಪಡೆದ ಮನೆಯವರೂ ಇದ್ದಾರೆ, ಮಾರಮ್ಮನಿಗೆ ನಡೆದುಕೊಳ್ಳುವವರೂ ಇದ್ದಾರೆ. ಈ ವಿಷಯದಲ್ಲಿ ನಮ್ಮ ಬಾಯಿ ಒಂದೇ.

ಸ್ವಾಮಿ, ಉಣ್ಣಲು ಇಡುವುದನ್ನು ಜಾತಿ ಯಾವತ್ತೂ ತಡೆದಿಲ್ಲ. ಮದುವೆ ಮುಗಿದ ಮೇಲೆ ಹಿತ್ತಿಲಲ್ಲಿ ನಮಗೂ ಎಲೆ ಹಾಕಿದ್ದಾರೆ. ಕೆಲಸಕ್ಕೆ ಹೋದ ನಮ್ಮ ಅವ್ವಂದಿರ ಸೆರಗಿಗೆ ತಂಗಳು ಮುದ್ದೆ ಎತ್ತಿ ಹಾಕಿದ್ದಾರೆ. ಬೊಗಸೆಗೆ ಮೇಲಿನಿಂದ ನೀರು ಸುರಿದಿದ್ದಾರೆ, ಧಾರಾಳವಾಗಿಯೇ ಸುರಿದಿದ್ದಾರೆ. ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಇರುವತನಕ ಜಾತಿಗೆ ಯಾವ ತೊಂದರೆಯೂ ಇಲ್ಲ. ಅದು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಬೇರೆ ಬಾಗಿಲನ್ನು: ನಮ್ಮ ಕೈಯಿಂದ ಅವರ ಬಾಯಿಗೆ ಏನು ಹೋಗುತ್ತೆ ಅನ್ನೋದನ್ನು.

ಈ ಸೀಮೆಯಲ್ಲಿ ಅದಕ್ಕೊಂದು ಪಾತ್ರೆಯೂ ಇತ್ತು. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟಕಾಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಉಂಡೆಗೆ ಏಟು ಬೀಳದ ಹಾಗೆ ಚಿಪ್ಪು ಒಡೆಯಬೇಕು. ಆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕಟ್ಟಿತು. ಮರ ಹತ್ತಿದವರಲ್ಲಿ, ಸುಲಿದವರಲ್ಲಿ, ಒಡೆದವರಲ್ಲಿ ನಮ್ಮವರೆಷ್ಟೋ ಮಂದಿ. ಕೊಬ್ಬರಿ ಮಂಡಿಗೆ ಹೋಯಿತು, ಉಳಿದ ಚಿಪ್ಪು ನಮ್ಮ ಕೈಗೆ ಬಂತು. ನಮ್ಮ ಹಿರಿಯರು ನೀರನ್ನೂ ಟೀಯನ್ನೂ ಅದರಲ್ಲೇ ಕುಡಿದರು. ಯಾರಾದರೂ ಮೋಸ ಹೋದರೆ ‘ಕೈಗೆ ಚಿಪ್ಪು ಬಂತು’ ಅಂತ ಊರಿನವರು ನಗುತ್ತಾರೆ. ನಮಗೆ ಅದು ಗಾದೆ ಮಾತಲ್ಲ, ಅಜ್ಜನ ಲೋಟ.

ಚಿಪ್ಪು ಹೋಗಿ ಸ್ಟೀಲ್ ಲೋಟ ಬಂತು, ಆಮೇಲೆ ಪೇಪರ್ ಲೋಟ ಬಂತು. ಪೇಪರ್ ಲೋಟ ಜಾತಿಗೆ ಬಹಳ ಅನುಕೂಲ. ಎಲ್ಲರೂ ಕುಡಿದು ಎಸೆಯುವುದರಿಂದ ಯಾರದು ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಇವೆಲ್ಲಕ್ಕಿಂತ ನಾಜೂಕಾದದ್ದು ಎಳನೀರು. ದೊಡ್ಡವರು ಯಾರಾದರೂ ಹಟ್ಟಿಗೆ ಬಂದರೆ ನೋಡಿ. ಮನೆಯಾಕೆ ಚೊಂಬಿನಲ್ಲಿ ನೀರು ತರುತ್ತಾಳೆ, ಟೀ ಇಡ್ಲಾ ಅಂತಾಳೆ. ‘ಅಯ್ಯೋ ಬ್ಯಾಡ ಕಣಮ್ಮ, ತೊಂದ್ರೆ ತಗಬ್ಯಾಡ, ಒಂದು ಎಳನೀರು ಸಾಕು.’ ಎಷ್ಟು ಸರಳ ಮನುಷ್ಯ ಅಂತ ಹಟ್ಟಿಯೇ ಹಿಗ್ಗುತ್ತದೆ. ಮಡಿಯ ಲೆಕ್ಕ ಬೇರೆ ಇದೆ, ಗೆಳೆಯರೆ. ಕಾಯೊಳಗಿನ ನೀರಿಗೆ ನಮ್ಮ ಪಾತ್ರೆ ತಾಗಿಲ್ಲ, ನಮ್ಮ ಒಲೆ ತಾಗಿಲ್ಲ. ಬಾಳೆಹಣ್ಣಿಗೂ ಎಳನೀರಿಗೂ ಮೈಲಿಗೆ ಇಲ್ಲ. ಹಟ್ಟಿಗೆ ಬಂದ ಹೆಸರೂ ಆಯಿತು, ಹೊಟ್ಟೆಯೂ ಶುದ್ಧ ಉಳಿಯಿತು.

ಈಗ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯಕ್ಕೆ ಬನ್ನಿ. ಉರಿಬಿಸಿಲು, ಮಧ್ಯಾಹ್ನ. ನಡೆದು ದಣಿದ ಯೇಸು ಯಾಕೋಬನ ಬಾವಿಯ ಹತ್ತಿರ ಕೂತಿದ್ದಾನೆ. ನೀರಿಗೆ ಬಂದವಳು ಸಮಾರ್ಯದ ಹೆಂಗಸು. ಅವಳ ಜನ ಯೆಹೂದ್ಯರ ಪಾಲಿಗೆ ಹೊರಗಿನವರು, ಅವಳ ಪಾತ್ರೆ ಮೈಲಿಗೆ. ಯೇಸು ಅವಳಿಗೆ ಊಟ ಹಂಚಲಿಲ್ಲ, ಬಟ್ಟೆ ಹಂಚಲಿಲ್ಲ. ಕುಡಿಯಲು ನೀರು ಕೊಡು ಎಂದು ಕೇಳಿದ. ಸೇದಲು ಅವನ ಹತ್ತಿರ ಏನೂ ಇಲ್ಲ ಎಂಬುದನ್ನು ಅವಳೇ ಎತ್ತಿ ಹೇಳುತ್ತಾಳೆ. ಅಂದರೆ ಕುಡಿಯಬೇಕಾದದ್ದು ಅವಳ ಕೊಡದಿಂದಲೇ. ಅಲ್ಲಿ ತೆಂಗಿನ ಮರ ಇರಲಿಲ್ಲ. ಅವಳು ಬೆಚ್ಚಿಬೀಳುತ್ತಾಳೆ: ನೀನು ನನ್ನ ಹತ್ತಿರ ನೀರು ಕೇಳೋದಾ? ಆ ಬೆಚ್ಚಿದ ದನಿ ನಮಗೆ ಗೊತ್ತು, ಅದು ನಮ್ಮ ಅವ್ವಂದಿರ ದನಿ. ಸುವಾರ್ತೆ ಓದುವವರು ಇದನ್ನು ಬಿಟ್ಟು ಮುಂದಿನ ಜೀವಜಲದ ಮಾತಿಗೆ ಓಡುತ್ತಾರೆ. ನಮಗೆ ಈ ಕೊಡದ ಹತ್ತಿರವೇ ಇನ್ನೂ ಕೆಲಸ ಬಾಕಿ ಇದೆ.

ಅವನ ಬೆನ್ನಹಿಂದೆ ಬಂದವರು ಏನು ಮಾಡಿದರು? ಪೇತ್ರ ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದವನು, ತನ್ನ ಕಡೆಯ ಮಡಿವಂತರು ಬಂದ ಕೂಡಲೆ ಎದ್ದು ದೂರ ಸರಿದ. ಪೌಲ ಅವನನ್ನು ಮುಖಾಮುಖಿ ಬೈದ. ನಮ್ಮ ದೇಶಕ್ಕೆ ಬಂದ ಸಭೆಗೆ ಬೈಯುವವರು ಕಡಿಮೆಯಾದರು. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರಾಬರ್ಟೊ ಡಿ ನೊಬಿಲಿ ಕಾವಿ ಉಟ್ಟು, ಬ್ರಾಹ್ಮಣ ಅಡಿಗೆಯವನನ್ನು ಇಟ್ಟುಕೊಂಡು ಬದುಕಿದ. ಆ ಶತಮಾನದ ನಡುವೆ ಲಿಯೊನಾರ್ಡೊ ಚಿನ್ನಾಮಿ ಎಂಬ ಪಾದ್ರಿಯ ಜೊತೆ ಆ ದಾರಿ ನಮ್ಮ ಮೈಸೂರು ಸೀಮೆಗೂ ಬಂತು. ಎಲ್ಲಿಗೆ ಮುಟ್ಟಿತು ಅಂದರೆ, ಸಾಯುತ್ತಿರುವ ಪರಯನ ಗುಡಿಸಲಿಗೂ ಪಾದ್ರಿಗಳು ಹೋಗಬೇಕು ಅಂತ 1704ರಲ್ಲಿ ಪೋಪನ ಪ್ರತಿನಿಧಿ ಪಾಂಡಿಚೇರಿಯಲ್ಲಿ ಆಜ್ಞೆ ಮಾಡಬೇಕಾಯಿತು. ಅದಕ್ಕೆ ಕೊನೆಗೆ ಕಂಡ ಉಪಾಯ ಪರಯರಿಗೇ ಬೇರೆ ಪಾದ್ರಿಗಳು! ದೇವರ ಮನೆಯಲ್ಲೂ ಎರಡು ಲೋಟ.

ಸರಿಯಾದ ಪರೀಕ್ಷೆ ಯಾವುದು ಎಂದು ಗೊತ್ತಿದ್ದವರೂ ಇದ್ದರು, ಅದನ್ನೂ ಹೇಳಬೇಕು. 1850ರಲ್ಲಿ ಮದ್ರಾಸಿನಲ್ಲಿ ಕೂಡಿದ ಪ್ರಾಟೆಸ್ಟೆಂಟ್ ಮಿಷನರಿಗಳು, ಜಾತಿ ಬಿಟ್ಟೆ ಎನ್ನುವವನು ಪರಯ ಬೇಯಿಸಿದ್ದನ್ನು ಉಣ್ಣಲು ಸಿದ್ಧನಿರಬೇಕು ಎಂದರು. ಬಾಯಲ್ಲಿ ವಿಶ್ವಾಸ ಪ್ರಮಾಣ ಹೇಳಿದರೆ ಸಾಲದು, ಅದೇ ಬಾಯಲ್ಲಿ ಉಣ್ಣಬೇಕು. ವೆಸ್ಲಿಯನ್ ಮಿಷನ್ನಿನವರು 1837ರಲ್ಲೇ ಗುಬ್ಬಿಯಲ್ಲಿ ನೆಲೆ ಊರಿದ್ದರು. ತಿಪಟೂರಿನಿಂದ ರೈಲು ಹತ್ತಿದರೆ ತುಮಕೂರಿಗೆ ಮುಂಚೆ ಸಿಗುವ ಊರು ಅದು. ಮಿಷನ್ನುಗಳ ಶಾಲೆಯಿಂದ, ಆಸ್ಪತ್ರೆಯಿಂದ ನಮ್ಮವರು ಪಡೆದದ್ದನ್ನು ಮರೆತು ಮಾತಾಡುತ್ತಿಲ್ಲ. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರ ಅನ್ನದ ಋಣವನ್ನೂ ಅಲ್ಲಗಳೆಯುವುದಿಲ್ಲ. ಆದರೆ ಉಣಿಸಿದ ಲೆಕ್ಕವನ್ನೇ ಎಷ್ಟು ದಿನ ಓದುತ್ತೀರಿ? ನಮ್ಮಲ್ಲಿ ಉಂಡ ಲೆಕ್ಕ ತೆಗೆಯಿರಿ.

ಸಭೆಯ ಹಿರಿಯರೆ, ಒಂದೇ ರೊಟ್ಟಿ ಮುರಿದು ತಿನ್ನುವ ಸಂಸ್ಕಾರ ನಿಮ್ಮದು. ಹಾಗಿದ್ದೂ ತಮಿಳುನಾಡಿನ ತಿರುಚ್ಚಿಯಲ್ಲಿ ಕ್ರೈಸ್ತರ ಸ್ಮಶಾನದ ನಡುವೆಯೇ ಜಾತಿಯ ಗೋಡೆ ಎದ್ದಿತು. ಇನ್ನೊಂದು ಕಡೆ ಸರ್ಕಾರದ ಚಮತ್ಕಾರ. 1950ರ ಪರಿಶಿಷ್ಟ ಜಾತಿ ಆದೇಶಕ್ಕೆ 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು, ಕ್ರೈಸ್ತನಾದ ಹೊಲೆಯ ಮಾದಿಗ ಹೊರಗೇ ಉಳಿದ. ಕಾಗದದಲ್ಲಿ ಅವನಿಗೆ ಜಾತಿ ಇಲ್ಲ. ಬಾವಿಕಟ್ಟೆಯಲ್ಲಿ, ಹೆಣ್ಣು ಕೇಳುವಲ್ಲಿ, ಗೋರಿಯಲ್ಲಿ ಇದೆ.

ಹೊರಗಿನವರ ಕಥೆಯೇನೂ ಮೇಲಲ್ಲ. 2017ರಲ್ಲಿ ಚಿತ್ರದುರ್ಗದಲ್ಲಿ ದಲಿತರ ಮನೆಗೆ ಉಪಾಹಾರಕ್ಕೆ ಹೋದ ರಾಜಕೀಯ ನಾಯಕರ ತಟ್ಟೆಗೆ ಹೋಟೆಲಿನ ಇಡ್ಲಿ ಬಂತೆಂದು ಸುದ್ದಿಯಾಯಿತು. 2019ರಲ್ಲಿ ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಆ ಕ್ಷೇತ್ರದ ಲೋಕಸಭಾ ಸದಸ್ಯರಾದ ಎ. ನಾರಾಯಣಸ್ವಾಮಿಯವರನ್ನೇ, ದಲಿತರೆಂಬ ಕಾರಣಕ್ಕೆ, ಒಳಗೆ ಬಿಡಲಿಲ್ಲ. ತಡೆದವರೂ ಬಡವರೇ. ಪುರೋಹಿತಶಾಹಿ ತನ್ನ ಕಾವಲಿಗೆ ಬಡವರನ್ನೇ ನಿಲ್ಲಿಸಿಕೊಂಡಿದೆ.

ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳಿಸಿದಾಗ ಹಮ್ಮೀಣಿ ಬೇಡ, ಚೀಲ ಬೇಡ, ಹೋದ ಮನೆಯವರು ಇಟ್ಟದ್ದನ್ನು ಉಣ್ಣಿ ಅಂದಿದ್ದ. ಅವರನ್ನು ಯಜಮಾನರನ್ನಾಗಿ ಕಳಿಸಲಿಲ್ಲ, ಉಣ್ಣುವ ನೆಂಟರನ್ನಾಗಿ ಕಳಿಸಿದ. ಆದ್ದರಿಂದ ಈ ಕ್ರಿಸ್‌ಮಸ್ಸಿಗೆ ಕೇಕು, ಕಂಬಳಿ, ಫೋಟೋದವನನ್ನು ಕಟ್ಟಿಕೊಂಡು ಹಟ್ಟಿಗೆ ಬರುವವರು ಅವನ್ನೆಲ್ಲ ಬಿಟ್ಟು ಬರಲಿ. ಸಂಜೆ ಹೊತ್ತು ಬನ್ನಿ. ರಾಗಿ ಮುದ್ದೆ ಇರುತ್ತೆ, ಹುರುಳಿಕಾಳಿನ ಸಾರಿರುತ್ತೆ, ಭಾನುವಾರವಾದರೆ ಬಾಡೂ ಇರುತ್ತೆ, ಯಾವ ಬಾಡು ಅಂತ ಕೇಳಬೇಡಿ. ಎಳನೀರು ಮಾತ್ರ ಕೊಡೋದಿಲ್ಲ. ನೀರು ಚೊಂಬಿನಲ್ಲಿ ಇಟ್ಟಿರುತ್ತೇವೆ.