ಅಸಲು ಮತ್ತು ಬಡ್ಡಿ

ಒಂದು ನಾಡು ಸಿರಿವಂತವೋ ಅಲ್ಲವೋ ಎಂದು ತಿಳಿಯಬೇಕಾದಾಗ ನಾವು ಸಾಮಾನ್ಯವಾಗಿ ಅಲ್ಲಿನ ಬೆಳೆಯನ್ನು, ಕಾರ್ಖಾನೆಗಳನ್ನು, ಜನರ ವರಮಾನವನ್ನು ಎಣಿಸುತ್ತೇವೆ. ಇವೆಲ್ಲವೂ ಎಣಿಸತಕ್ಕವೇ ಸರಿ. ಆದರೆ ಈ ಎಣಿಕೆಯಲ್ಲಿ ಒಂದು ಪ್ರಶ್ನೆ ಉಳಿದುಹೋಗುತ್ತದೆ: ಆ ನಾಡು ಉಣ್ಣುತ್ತಿರುವುದು ಬಡ್ಡಿಯನ್ನೋ, ಅಸಲನ್ನೋ? ಬಡ್ಡಿಯಲ್ಲಿ ಬಾಳುವ ಮನೆತನ ತಲೆಮಾರುಗಳವರೆಗೆ ನಿಲ್ಲುತ್ತದೆ. ಅಸಲಿಗೆ ಕೈಯಿಕ್ಕಿದ ಮನೆತನ ಹೊರಗೆ ಎಷ್ಟೇ ಮೆರೆದರೂ ಒಳಗೊಳಗೇ ಬರಿದಾಗುತ್ತದೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ಗಾದೆ ಹೇಳುತ್ತದೆ. ಬೆವರು ಸುರಿಸಿ ದುಡಿಯುವವನೂ ಕುಡಿಕೆಯಿಂದಲೇ ತೆಗೆಯುತ್ತ ಹೋದರೆ ಅದು ಸಾಲದಾಗುತ್ತದೆ ಎಂಬುದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾನ್ಸಸ್ ರಾಜ್ಯವು ನಿದರ್ಶನವಾಗಿದೆ.

ಅಮೆರಿಕದ 50 ರಾಜ್ಯಗಳ ಪೈಕಿ ಕ್ಯಾನ್ಸಸ್ ಆ ದೇಶದ ನಡುಮಧ್ಯದಲ್ಲಿದೆ. ಸುಮಾರು 2,13,000 ಚದರ ಕಿಲೋಮೀಟರ್ ವಿಸ್ತಾರದ ಈ ರಾಜ್ಯ ನಮ್ಮ ಕರ್ನಾಟಕಕ್ಕಿಂತ ತುಸು ದೊಡ್ಡದು. ಆದರೆ 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 30 ಲಕ್ಷವನ್ನೂ ಮುಟ್ಟಿರಲಿಲ್ಲ. ತೊಪೀಕ ಅದರ ರಾಜಧಾನಿ. ಅರ್ಕನ್ಸಾಸ್ ನದಿಯ ದಡದ ವಿಚಿಟಾ ಅತಿ ದೊಡ್ಡ ನಗರವಾಗಿದ್ದು, ವಿಮಾನ ತಯಾರಿಕೆಗೆ ಹೆಸರಾಗಿದೆ. ನೋಡುವ ಕಣ್ಣಿಗೆ ಈ ನೆಲ ಹಾಸಿದ ಜಮಖಾನದಂತೆ ಸಮತಟ್ಟಾಗಿ ತೋರುತ್ತದೆ. ವಾಸ್ತವವಾಗಿ ಅದು ಪೂರ್ವದಿಂದ ಪಶ್ಚಿಮಕ್ಕೆ ಸದ್ದಿಲ್ಲದೆ ಏರುತ್ತ ಹೋಗುತ್ತದೆ. ಆಗ್ನೇಯದಲ್ಲಿ ಸಮುದ್ರಮಟ್ಟದಿಂದ ಸುಮಾರು 207 ಮೀಟರ್ ಎತ್ತರದಲ್ಲಿರುವ ನೆಲ ಪಶ್ಚಿಮದ ಗಡಿಯಲ್ಲಿ 1,231 ಮೀಟರ್ ಎತ್ತರಕ್ಕೆ ಮುಟ್ಟುತ್ತದೆ. ನೆಲ ಏರಿದಂತೆ ಮಳೆ ಇಳಿಯುತ್ತದೆ. ಆಗ್ನೇಯ ಭಾಗದಲ್ಲಿ ವರ್ಷಕ್ಕೆ 1,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಪಶ್ಚಿಮದಂಚಿನಲ್ಲಿ ಅದರ ಅರ್ಧದಷ್ಟೂ ಬೀಳುವುದಿಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಆ ರಾಜ್ಯದ ಮುಂದಿನ ಕಥೆಯೆಲ್ಲ ಅರ್ಥವಾಗುತ್ತದೆ.

ಒಂದು ಕಾಲದಲ್ಲಿ ಇಲ್ಲಿ ದಿಗಂತದವರೆಗೂ ಹುಲ್ಲುಗಾವಲು ಹಬ್ಬಿದ್ದಿತು. ಕಾಡೆಮ್ಮೆಗಳಂತಹ ಬೈಸನ್‌ಗಳು ಹಿಂಡುಹಿಂಡಾಗಿ ಮೇಯುತ್ತಿದ್ದವು. ಹುಲ್ಲಿನ ಬೇರುಗಳು ಆಳಕ್ಕಿಳಿದು ಮಣ್ಣನ್ನು ಹಿಡಿದಿಟ್ಟಿದ್ದವು. ಕಾನ್ಸಾ ಅಥವಾ ಕಾ ಎಂಬ ಮೂಲನಿವಾಸಿ ಜನಾಂಗದ ಹೆಸರೇ ಈ ರಾಜ್ಯಕ್ಕೆ ಬಂದಿದೆ. ಆದರೆ ಅದೇ ಜನರನ್ನು 1873ರಲ್ಲಿ ಅಲ್ಲಿಂದ ಇಂದಿನ ಓಕ್ಲಹೋಮಕ್ಕೆ ಸಾಗಹಾಕಲಾಯಿತು. ಹೆಸರು ಉಳಿಯಿತು, ಹೆಸರಿನವರು ಉಳಿಯಲಿಲ್ಲ! ಕ್ಯಾನ್ಸಸ್ಸಿನ ಸಿರಿಯ ಲೆಕ್ಕವನ್ನು ಬರೆಯುವವರು ಮೊಟ್ಟಮೊದಲ ಸಾಲಿನಲ್ಲಿಯೇ ಈ ಋಣವನ್ನು ಬರೆದುಕೊಳ್ಳಬೇಕು.

ಹೊಸದಾಗಿ ನೆಲೆಸಿದವರ ಚರಿತ್ರೆಯೂ ಸುಲಭವಾದುದಲ್ಲ. ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಪ್ರಶ್ನೆಯ ಮೇಲೆ 1854ರಿಂದ ಇಲ್ಲಿ ರಕ್ತಪಾತವೇ ನಡೆಯಿತು. ಕೊನೆಗೆ 1861ರ ಜನವರಿ 29ರಂದು ಗುಲಾಮಗಿರಿಯಿಲ್ಲದ ರಾಜ್ಯವಾಗಿ ಕ್ಯಾನ್ಸಸ್ ಒಕ್ಕೂಟವನ್ನು ಸೇರಿತು. ಬಿಡುಗಡೆ ಹೊಂದಿದ ಕರಿಯ ಜನರು 1877ರಲ್ಲಿ ನಿಕೋಡೆಮಸ್ ಎಂಬ ತಮ್ಮದೇ ಊರನ್ನು ಇಲ್ಲಿ ಕಟ್ಟಿಕೊಂಡರು. ಆದರೂ ತೊಪೀಕದ ಪ್ರಾಥಮಿಕ ಶಾಲೆಗಳಲ್ಲಿ ಕರಿಯ ಮಕ್ಕಳನ್ನು ಬೇರೆಯಾಗಿಯೇ ಕೂರಿಸುವ ಪದ್ಧತಿ ಮುಂದುವರಿಯಿತು. 1954ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇಂತಹ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ಸಾರಿದ ಮಹತ್ತ್ವದ ತೀರ್ಪು ಹೊರಬಿದ್ದದ್ದು ತೊಪೀಕದ ಶಾಲಾ ಮಂಡಲಿಯ ವಿರುದ್ಧ ಹೂಡಿದ ಮೊಕದ್ದಮೆಯಿಂದಲೇ.

1874ರಲ್ಲಿ ರಷ್ಯಾದ ದಕ್ಷಿಣ ಭಾಗದಿಂದ ಮೆನೊನೈಟ್ ಪಂಥದ ಜರ್ಮನ್ ರೈತರು ಇಲ್ಲಿಗೆ ವಲಸೆ ಬಂದರು. ಯುದ್ಧವನ್ನು ಒಲ್ಲದ ಈ ಶಾಂತಿಪ್ರಿಯರು ತಮ್ಮ ಪೆಟ್ಟಿಗೆಗಳಲ್ಲಿ ‘ಟರ್ಕಿ ರೆಡ್’ ಎಂಬ ಗೋಧಿಯ ಬೀಜವನ್ನು ತಂದರೆಂದು ಪ್ರತೀತಿ. ಇದನ್ನು ಶರತ್ಕಾಲದಲ್ಲಿ ಬಿತ್ತುತ್ತಾರೆ. ಮೊಳೆತ ಪೈರು ಚಳಿಗಾಲದ ಹಿಮವನ್ನು ಸಹಿಸಿಕೊಂಡು ವಸಂತದಲ್ಲಿ ಮತ್ತೆ ಚಿಗುರಿ, ಬೇಸಗೆಯ ಮೊದಲಲ್ಲಿ ಕೊಯ್ಲಿಗೆ ಬರುತ್ತದೆ. ಕ್ಯಾನ್ಸಸ್ಸಿಗೆ ‘ಗೋಧಿಯ ರಾಜ್ಯ’ ಎಂಬ ಹೆಸರು ಬಂದದ್ದು ಈ ಬಗೆಯ ಗೋಧಿಯಿಂದ. ಆ ರಾಜ್ಯದ ಅಬಿಲೀನ್ ಎಂಬ ಊರಿನಲ್ಲಿ ಬೆಳೆದ ಐಸೆನ್‌ಹೋವರ್ ಅವರು ಅಧ್ಯಕ್ಷರಾಗಿದ್ದಾಗ, ಅಮೆರಿಕದ ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಕಳುಹಿಸುವ ‘ಪಿ.ಎಲ್. 480’ ಎಂಬ ಕಾನೂನಿಗೆ 1954ರಲ್ಲಿ ಸಹಿ ಹಾಕಿದರು. ಹಸಿವಿನ ಆ ವರ್ಷಗಳಲ್ಲಿ ಭಾರತಕ್ಕೆ ಹಡಗುಗಟ್ಟಲೆ ಗೋಧಿ ಬಂದಿತು. ನಮ್ಮ ತಲೆಮಾರಿನ ಅನೇಕರು ಶಾಲೆಯ ಜಗಲಿಯಲ್ಲಿ ಕುಳಿತು ಉಂಡ ಗೋಧಿನುಚ್ಚಿನ ಉಪ್ಪಿಟ್ಟು ಅಮೆರಿಕದ ನೆರವಿನದೇ. ಅನ್ನವಿಟ್ಟ ನೆಲಕ್ಕೆ ನಾವು ಕೃತಜ್ಞರಾಗಿರಬೇಕು. ಅನ್ನವಿಟ್ಟ ನೆಲದ ಗತಿಯೇನಾಯಿತೆಂದು ವಿಚಾರಿಸುವುದೂ ಕೃತಜ್ಞತೆಯ ಒಂದು ರೂಪವೇ.

ಆ ನೆಲ ಅಸಲಿನ ಪಾಠವನ್ನು ಒಮ್ಮೆ ಕಲಿತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಯ ಬೆಲೆ ಏರಿದಾಗ ಜನರು ಟ್ರ್ಯಾಕ್ಟರುಗಳಿಂದ ಪಶ್ಚಿಮದ ಹುಲ್ಲುಗಾವಲನ್ನು ಉತ್ತುಹಾಕಿದರು. ಬೆಲೆ ಕುಸಿದಾಗ, ನಷ್ಟವನ್ನು ತುಂಬಿಕೊಳ್ಳಲು ಇನ್ನಷ್ಟು ಉತ್ತರು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು. ಹಿಡಿದಿಡುವ ಬೇರುಗಳಿಲ್ಲದ ಮಣ್ಣು ಗಾಳಿಯ ಪಾಲಾಯಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಧೂಳಿನ ಬಿರುಗಾಳಿಯಲ್ಲಿ ಹಗಲೇ ಇರುಳಾಯಿತು. ಅದೇ ತಿಂಗಳು ಅಮೆರಿಕ ಸರ್ಕಾರ ಮಣ್ಣಿನ ಸಂರಕ್ಷಣೆಯ ಕಾನೂನನ್ನು ತಂದಿತು. ಇಳಿಜಾರಿಗೆ ಅಡ್ಡಲಾಗಿ ಉಳುವುದನ್ನು, ಕೂಳೆಯನ್ನು ಹೊಲದಲ್ಲಿಯೇ ಬಿಡುವುದನ್ನು, ಗಾಳಿಗೆ ಎದುರಾಗಿ ಮರಗಳ ಸಾಲು ಬೆಳೆಸುವುದನ್ನು ರೈತರು ರೂಢಿಸಿಕೊಂಡರು.

ಮಣ್ಣಿನ ಪಾಠವನ್ನು ಕಲಿತವರು ನೀರಿನ ವಿಷಯದಲ್ಲಿ ಅದನ್ನೇ ಮರೆತರು. ಪಶ್ಚಿಮ ಕ್ಯಾನ್ಸಸ್ಸಿನ ಅಡಿಯಲ್ಲಿ ಒಗಲಾಲ ಎಂಬ ಅಂತರ್ಜಲದ ಮಹಾಭಂಡಾರವಿದೆ. ಎಂಟು ರಾಜ್ಯಗಳ ಅಡಿಯಲ್ಲಿ ಹಬ್ಬಿರುವ ಇದು ಮರಳು ಜಲ್ಲಿಗಳ ಪದರಗಳಲ್ಲಿ ಸಾವಿರಾರು ವರ್ಷಗಳಿಂದ ಇಂಗಿ ನಿಂತ ನೀರು. ಎರಡನೆಯ ಮಹಾಯುದ್ಧದ ನಂತರ ಬಲವಾದ ಪಂಪುಗಳು ಬಂದವು. ಹೊಲದ ನಡುವೆ ಒಂದು ತುದಿಯನ್ನು ನಿಲ್ಲಿಸಿ, ಗಾಲಿಗಳ ಮೇಲೆ ಸುತ್ತುತ್ತ ನೀರೆರೆಯುವ ಉದ್ದನೆಯ ಕೊಳವೆಯಂತ್ರವೂ ಬಂದಿತು. ವಿಮಾನದಿಂದ ನೋಡಿದರೆ ಒಣನೆಲದ ಮೇಲೆ ಹಸಿರು ವೃತ್ತಗಳನ್ನು ಬರೆದಂತೆ ಕಾಣುತ್ತದೆ. ಆ ನೀರಿನಿಂದ ಮೆಕ್ಕೆಜೋಳ ಬೆಳೆಯಿತು. ಮೆಕ್ಕೆಜೋಳದಿಂದ ದನಗಳು ಕೊಬ್ಬಿದವು. ಡಾಜ್ ಸಿಟಿ, ಗಾರ್ಡನ್ ಸಿಟಿ ಮುಂತಾದ ಊರುಗಳಲ್ಲಿ ಮಾಂಸದ ಕಾರ್ಖಾನೆಗಳೆದ್ದವು. ಮೆಕ್ಸಿಕೋ, ವಿಯೆಟ್ನಾಂ, ಸೋಮಾಲಿಯಾಗಳಿಂದ ಬಂದವರಿಗೂ ಅಲ್ಲಿ ಕೂಲಿ ದೊರೆಯಿತು. ಇಂದು ಆ ರಾಜ್ಯದಲ್ಲಿ ಮನುಷ್ಯರಿಗಿಂತ ದನಗಳ ಸಂಖ್ಯೆ ಸುಮಾರು ಎರಡರಷ್ಟಿದೆ. ಆದರೆ ಮಳೆಯಿಂದ ಆ ಭಂಡಾರಕ್ಕೆ ವರ್ಷವೊಂದಕ್ಕೆ ಹಿಂದಿರುಗುವ ನೀರು ಅಲ್ಲಿ ಬಹುತೇಕ ಕಡೆ ಒಂದು ಅಂಗುಲಕ್ಕೂ ಕಡಿಮೆ. ಕೆಲವೆಡೆ ಅರ್ಧಕ್ಕಿಂತ ಹೆಚ್ಚು ನೀರು ಈಗಾಗಲೇ ತೀರಿದೆ. ಮಳೆ ಬಡ್ಡಿ, ಭಂಡಾರ ಅಸಲು. ಅಲ್ಲಿ ಕರಗುತ್ತಿರುವುದು ಅಸಲು.

‘ಹಾಗೆಂದು ರೈತನನ್ನು ದೂರುವುದು ಸರಿಯೇ? ಅವನಿಗೆ ಸಾಲವಿದೆ, ಸಂಸಾರವಿದೆ; ಅವನು ಬೆಳೆದದ್ದನ್ನು ಜಗತ್ತೇ ಉಣ್ಣುತ್ತದೆ’ ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಸತ್ಯವುಂಟು. ಒಬ್ಬನೇ ನೀರೆತ್ತುವುದನ್ನು ನಿಲ್ಲಿಸಿದರೆ ನೆರೆಯವನ ಪಂಪು ಆ ನೀರನ್ನು ಸೆಳೆದುಕೊಳ್ಳುತ್ತದೆ. ಆದ್ದರಿಂದ ಇದು ಒಬ್ಬನ ಸದ್ಗುಣದಿಂದ ಬಗೆಹರಿಯುವ ಸಮಸ್ಯೆಯಲ್ಲ, ಎಲ್ಲರೂ ಕೂಡಿ ಮಾಡಿಕೊಳ್ಳುವ ಕಟ್ಟಳೆಯಿಂದ ಬಗೆಹರಿಯಬೇಕಾದದ್ದು. ಅಂತಹ ಕಟ್ಟಳೆ ಸಾಧ್ಯವೆಂಬುದನ್ನು ತೋರಿಸಿಕೊಟ್ಟವರೂ ಕ್ಯಾನ್ಸಸ್ಸಿನ ರೈತರೇ. ವಾಯವ್ಯ ಭಾಗದ ಶೆರಿಡನ್ ಪ್ರಾಂತದ ಸುತ್ತಿನ ರೈತರು ತಾವೇ ಸಭೆ ಸೇರಿ, ಚರ್ಚಿಸಿ, ಐದು ವರ್ಷಗಳ ಕಾಲ ನೀರೆತ್ತುವುದನ್ನು ನೂರಕ್ಕೆ 20ರಷ್ಟು ಕಡಿಮೆ ಮಾಡಲು ಒಪ್ಪಿಕೊಂಡರು. 2013ರಲ್ಲಿ ಅದು ಕಾನೂನಿನ ಬಲದೊಡನೆ ಜಾರಿಗೆ ಬಂದಿತು. ಒಪ್ಪಿದ್ದಕ್ಕಿಂತಲೂ ಹೆಚ್ಚಿನ ನೀರನ್ನು ಅವರು ಉಳಿಸಿದರು. ಇಳುವರಿ ತುಸು ತಗ್ಗಿದರೂ ಖರ್ಚು ಅದಕ್ಕಿಂತ ತಗ್ಗಿದ್ದರಿಂದ ಅವರ ನಿವ್ವಳ ಆದಾಯ ಕುಸಿಯಲಿಲ್ಲ. ಐದು ವರ್ಷ ಮುಗಿದ ಮೇಲೆ ಆ ಕಟ್ಟಳೆಯನ್ನು ಮತ್ತೆ ಮುಂದುವರಿಸಿಕೊಂಡರು.

ಇಡೀ ಭಂಡಾರದ ಮುಂದೆ ಆ ಪ್ರದೇಶ ಬಹಳ ಚಿಕ್ಕದು, ನಿಜ. ಆದರೆ ಅದು ಸಾರುವ ನೀತಿ ಚಿಕ್ಕದಲ್ಲ. ಅಪ್ಪ ತೋಡಿದ ಬಾವಿಯಲ್ಲಿ ಮಗನಿಗೂ ನೀರಿರಬೇಕೆಂಬ ಎಚ್ಚರವೇ ಸಂಪತ್ತಿನ ನಿಜವಾದ ಕಾವಲು. ಒಂದು ನಾಡಿನ ಸಿರಿಯನ್ನು ಅದು ಈ ವರ್ಷ ಕಣದಲ್ಲಿ ರಾಶಿ ಮಾಡಿದ ಧಾನ್ಯದಿಂದ ಮಾತ್ರ ಅಳೆಯಬಾರದು, ಮುಂದಿನವರಿಗಾಗಿ ನೆಲದಲ್ಲಿ ಉಳಿಸಿದ ಮಣ್ಣು ನೀರುಗಳಿಂದಲೂ ಅಳೆಯಬೇಕು. ಹಾಗೆ ಅಳೆಯಲು ಕಲಿತ ಜನರು ಮಳೆ ಕಡಿಮೆಯಾದ ನಾಡಿನಲ್ಲಿಯೂ ಬಡವರಾಗಲಾರರು.